ನೂರು ವರ್ಷ ಹಿಂದಿನ ತೀರ್ಪಿನಲ್ಲಿರುವ ‘ಈಡಿಯಟ್’ ಎಂಬ ಪದವನ್ನು ಕನ್ನಡಕ್ಕೆ ಹೇಗೆ ತರಬೇಕು?

ಪ್ರಶ್ನೆ: ಶಿರಸಿ ಸೀಮೆಯ ಓದುಗ

ನಮ್ಮ ಮನೆಯ ಹಳೆಯ ಕಾಗದಪತ್ರಗಳನ್ನು ಕಳೆದ ಮಳೆಗಾಲದಿಂದ ಒಂದೊಂದಾಗಿ ಬಿಡಿಸಿ ಓದಿ, ಮುಂದಿನವರಿಗೆ ತಿಳಿಯಲೆಂದು ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಈ ಕಡೆಯ ಅಡಿಕೆ ತೋಟದ ಮನೆಗಳಲ್ಲೆಲ್ಲ ಇರುವಂತೆ ನಮ್ಮಲ್ಲಿಯೂ ಒಂದು ತಗಡಿನ ಪೆಟ್ಟಿಗೆಯಿದೆ. ಅದರಲ್ಲಿ ಹಿಸ್ಸೆಯ ಕಾಗದ, ಸೊಪ್ಪಿನ ಬೆಟ್ಟದ ತಕರಾರಿನ ಅರ್ಜಿ, ಸಾಲದ ಚೀಟಿಗಳು ತುಂಬಿವೆ. ಅವುಗಳ ನಡುವೆ 1926ನೆಯ ಇಸವಿಯ ಒಂದು ಇಂಗ್ಲಿಷ್ ತೀರ್ಪಿನ ನಕಲು ಸಿಕ್ಕಿತು. ನನ್ನ ಅಜ್ಜನ ತಂದೆ ಮತ್ತು ಅವರ ಇಬ್ಬರು ತಮ್ಮಂದಿರ ನಡುವಿನ ಪಾಲಿನ ವ್ಯಾಜ್ಯ ಅದು. ತೋಟ, ಗದ್ದೆ, ಬೆಟ್ಟ ಎಲ್ಲವನ್ನೂ ಇಬ್ಬರಿಗೆ ಹಂಚಿ, ಮೂರನೆಯವರ ವಿಷಯದಲ್ಲಿ ‘ಆ್ಯನ್ ಈಡಿಯಟ್ ಫ್ರಮ್ ಬರ್ತ್’ ಎಂದು ಬರೆದು, ಅವರಿಗೆ ಅನ್ನವಸ್ತ್ರಕ್ಕಷ್ಟೇ ಹಕ್ಕಿದೆ, ಪಾಲಿಲ್ಲ ಎಂದು ಮುಗಿಸಿದ್ದಾರೆ.

ಆ ಮೂರನೆಯವರನ್ನು ನಾನು ಕಂಡವನಲ್ಲ, ಆದರೆ ನನ್ನ ಅಜ್ಜಿ ಕಂಡಿದ್ದರು. ಅವರು ಹೇಳುತ್ತಿದ್ದಂತೆ ಆ ಮನುಷ್ಯ ಹೆಚ್ಚು ಮಾತಾಡುತ್ತಿರಲಿಲ್ಲ, ಇಪ್ಪತ್ತರ ಮೇಲೆ ಎಣಿಸುತ್ತಿರಲಿಲ್ಲ, ಆದರೆ ಮಳೆಗಾಲದಲ್ಲಿ ತೋಟಕ್ಕೆ ಕೊಳೆರೋಗ ಬಂದರೆ ಯಾವ ಮರಕ್ಕೆ ಮೊದಲು ತಗುಲಿತೆಂದು ಮನೆಯಲ್ಲಿ ಎಲ್ಲರಿಗಿಂತ ಮೊದಲು ಗುರುತಿಸುತ್ತಿದ್ದವರು ಅವರೇ. ಬೆಟ್ಟಕ್ಕೆ ಹೋದ ದನಗಳು ಅವರ ಕೂಗಿಗೆ ಮಾತ್ರ ತಿರುಗಿ ಬರುತ್ತಿದ್ದವು. ಅಜ್ಜಿ ಅವರನ್ನು ಯಾವತ್ತೂ ದಡ್ಡ ಎನ್ನಲಿಲ್ಲ, ‘ಪಾಪದವ’ ಎನ್ನುತ್ತಿದ್ದರು.

ಈಗ ನನ್ನ ಕೈ ನಿಂತಿರುವುದು ಆ ಒಂದು ಪದದ ಮುಂದೆ. ‘ಹುಟ್ಟುಮೂರ್ಖ’ ಎಂದು ಬರೆದರೆ ಬೈದಂತಾಗುತ್ತದೆ, ‘ಬುದ್ಧಿಮಾಂದ್ಯ’ ಎಂದರೆ ಇಂದಿನ ಆಸ್ಪತ್ರೆಯ ಮಾತನ್ನು ಅಂದಿನ ಕಾಗದಕ್ಕೆ ಅಂಟಿಸಿದಂತಾಗುತ್ತದೆ. ಇಂದು ಬೈಗುಳವಾಗಿರುವ ಈ ಪದ ನೂರು ವರ್ಷಗಳ ಹಿಂದೆ ಆ ತೀರ್ಪಿನಲ್ಲಿ ಬೈಗುಳವಾಗಿತ್ತೇ, ಕಾನೂನಿನ ಪದವಾಗಿತ್ತೇ, ವೈದ್ಯರ ಪದವಾಗಿತ್ತೇ? ಇಂಗ್ಲಿಷಿನಲ್ಲಿ ದಡ್ಡತನವನ್ನು ಹೇಳುವ ಇಷ್ಟೊಂದು ಪದಗಳು ಎಲ್ಲಿಂದ ಬಂದವು, ಅವು ಮೊದಲು ಏನನ್ನು ಹೇಳುತ್ತಿದ್ದವು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ. ಇದು ನಮ್ಮ ಮನೆಯ ಒಬ್ಬ ಮನುಷ್ಯನ ಬಗ್ಗೆ ಉಳಿದಿರುವ ಏಕೈಕ ಲಿಖಿತ ಸಾಲು, ಆದ್ದರಿಂದ ಅದನ್ನು ತಪ್ಪಾಗಿ ಬರೆಯಲು ನನಗೆ ಮನಸ್ಸಿಲ್ಲ.

ಉತ್ತರ: ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಕುಮಟಾ

ಈ ಪದದ ಮೂಲ ಗ್ರೀಕ್ ಭಾಷೆಯ ‘ಇಡಿಯೋಸ್’, ಅಂದರೆ ‘ತನ್ನದು, ಸ್ವಂತದ್ದು’. ಅದರಿಂದ ಹುಟ್ಟಿದ ‘ಇಡಿಯೋಟೀಸ್’ ಎಂದರೆ ಅಧಿಕಾರವಾಗಲಿ ಪದವಿಯಾಗಲಿ ಇಲ್ಲದ ಖಾಸಗಿ ಮನುಷ್ಯ, ಒಂದು ವಿದ್ಯೆಯಲ್ಲಿ ಪಳಗದ ಸಾಮಾನ್ಯ ಮನುಷ್ಯ. ನುಡಿಗಟ್ಟು ಎಂಬರ್ಥದ ‘ಈಡಿಯಮ್’ ಇದೇ ಬೇರಿನ ಕೂಸು: ಒಂದು ಭಾಷೆಗೆ ಸ್ವಂತವಾದದ್ದು ಅದರ ಈಡಿಯಮ್. ಅಥೆನ್ಸ್ ನಗರದಲ್ಲಿ ಸಾರ್ವಜನಿಕ ಕೆಲಸಕ್ಕೆ ಬಾರದವರನ್ನು ಹಳಿಯಲು ಈ ಪದ ಹುಟ್ಟಿತು ಎಂದು ಈಗ ಎಲ್ಲೆಡೆ ಬರೆಯುತ್ತಾರೆ. ಅದು ಉತ್ಪ್ರೇಕ್ಷೆಯೆಂದು ನನ್ನ ಅಭಿಪ್ರಾಯ, ಏಕೆಂದರೆ ಗ್ರೀಕ್ ಬರಹಗಳಲ್ಲಿ ಅದರ ಸಾಧಾರಣ ಬಳಕೆಯಲ್ಲಿ ಅಷ್ಟು ತಿರಸ್ಕಾರವಿಲ್ಲ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಪೇತ್ರ ಮತ್ತು ಯೋಹಾನರನ್ನು ಅಕ್ಷರ ಕಲಿಯದ ‘ಇಡಿಯೋಟೀಸ್’ ಎಂದು ಕರೆದಿರುವಲ್ಲಿ ಅದರ ಅರ್ಥ ಪಂಡಿತರಲ್ಲದ ಸಾಮಾನ್ಯರು ಎಂದಷ್ಟೇ. ಲ್ಯಾಟಿನ್ ಭಾಷೆಯಲ್ಲಿ ಅದು ‘ಓದು ಬಾರದವನು’ ಎಂಬ ಕಡೆಗೆ ವಾಲಿತು, ಫ್ರೆಂಚಿನ ಮೂಲಕ 14ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ಹುಟ್ಟಿನಿಂದ ತಿಳಿವಳಿಕೆ ಬೆಳೆಯದವನು ಎಂಬ ಅರ್ಥವೂ ಅದಕ್ಕೆ ಸೇರಿತ್ತು. ಓದಿದವರು ಓದದವರಿಗೆ ಇಟ್ಟ ಹೆಸರು ಕಾಲಕ್ರಮದಲ್ಲಿ ಬುದ್ಧಿಯ ಮೇಲಿನ ತೀರ್ಮಾನವಾಯಿತು. ‘ಲ್ಯೂಡ್’ ಎಂಬ ಪದದ ದಾರಿಯೂ ಹೀಗೆಯೇ. ಅದು ಮೊದಲು ಪಾದ್ರಿಯಲ್ಲದ ಗೃಹಸ್ಥ ಎಂದಿತ್ತು, ಆಮೇಲೆ ಅಕ್ಷರ ತಿಳಿಯದವನು ಎಂದಾಯಿತು, ಕೊನೆಗೆ ಅಶ್ಲೀಲ ಎಂಬಲ್ಲಿಗೆ ಬಂದು ನಿಂತಿತು. ನಮ್ಮಲ್ಲಿ ‘ಗಮಾರ’ ಎನ್ನುವಾಗ ಗ್ರಾಮದವನೆಂಬುದೇ ಬೈಗುಳವಾಗಿರುವುದನ್ನು ನೆನೆದರೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಉಳಿಯುವುದಿಲ್ಲ.

‘ಫೂಲ್’ ಎಂಬುದು ಇನ್ನೊಂದು ಬಗೆಯದು. ಲ್ಯಾಟಿನ್ನಿನ ‘ಫೋಲಿಸ್’ ಎಂದರೆ ಕಮ್ಮಾರನ ಕುಲುಮೆಯ ತಿದಿ, ಗಾಳಿ ತುಂಬಿದ ತೊಗಲಿನ ಚೀಲ. ಒಳಗೆ ಗಾಳಿಯಲ್ಲದೆ ಬೇರೇನೂ ಇಲ್ಲದವನು ಎಂಬ ಕಲ್ಪನೆಯಿಂದ ಅದು ಫ್ರೆಂಚಿನಲ್ಲಿ ಮೂರ್ಖನ ಹೆಸರಾಗಿ, 13ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿತು. ‘ಸ್ಟುಪಿಡ್’ ಎಂಬುದರ ಮೂಲದಲ್ಲಿ ಬೆರಗಾಗಿ ಮರಗಟ್ಟಿ ನಿಂತ ಸ್ಥಿತಿಯಿದೆ. ಅದೇ ಧಾತುವಿನಿಂದ ಬಂದ ‘ಸ್ಟುಪೆಂಡಸ್’ ಬೆರಗುಗೊಳಿಸುವ ದೊಡ್ಡ ಸಂಗತಿಗೆ ಹೆಸರಾಯಿತು. ಬೆರಗುಗೊಳಿಸಿದ್ದಕ್ಕೆ ಹೊಗಳಿಕೆ ಸಂದಿತು, ಬೆರಗಾದವನಿಗೆ ಬೈಗುಳ ಸಂದಿತು. ‘ಓಫ್’ ಎಂದು ಒಡ್ಡನನ್ನು ಕರೆಯುವ ಪದ ‘ಎಲ್ಫ್’ ಎಂಬ ವನದೇವತೆಯ ಹೆಸರಿನ ಇನ್ನೊಂದು ರೂಪ. ಮನುಷ್ಯರ ಕೂಸನ್ನು ಕದ್ದು ಅದರ ಜಾಗದಲ್ಲಿ ಈ ದೇವತೆಗಳು ತಮ್ಮ ಕೂಸನ್ನು ಇಟ್ಟು ಹೋಗುತ್ತವೆಂಬ ನಂಬಿಕೆಯಿತ್ತು, ಹಾಗೆ ಬದಲಾದ ಕೂಸೇ ಓಫ್. ಹಳಗನ್ನಡದಲ್ಲಿ ‘ಮರುಳ್’ ಎಂದರೆ ಪಿಶಾಚಿಯೂ ಹೌದು, ಬುದ್ಧಿ ಕೆಟ್ಟವನೂ ಹೌದು. ಮಾರಿಕಾಂಬಾ ಜಾತ್ರೆಯ ನೂಕುನುಗ್ಗಲಿನಲ್ಲಿ ‘ಜನ ಮರುಳೋ ಜಾತ್ರೆ ಮರುಳೋ’ ಎಂದು ಹೇಳುವಾಗ ಆ ಹಳೆಯ ಪಿಶಾಚಿ ನಮ್ಮ ಬಾಯಲ್ಲಿ ಇನ್ನೂ ಇದೆ.

ನಿಮ್ಮ ಅಜ್ಜಿಯ ‘ಪಾಪದವ’ ಎಂಬ ಮಾತನ್ನು ಓದಿದಾಗ ನನಗೆ ಕೂಡಲೇ ನೆನಪಾದದ್ದು ‘ಸಿಲಿ’. ಹಳೆಯ ಇಂಗ್ಲಿಷಿನಲ್ಲಿ ಅದರ ರೂಪ ‘ಸೇಲಿಗ್’, ಅರ್ಥ ಸುಖಿ, ದೇವರ ಅನುಗ್ರಹವಿರುವವನು. ಜರ್ಮನ್ ಭಾಷೆಯಲ್ಲಿ ಅದರ ಒಡಹುಟ್ಟು ಇಂದಿಗೂ ‘ಧನ್ಯ’ ಎಂಬ ಅರ್ಥದಲ್ಲಿಯೇ ಇದೆ. ಇಂಗ್ಲಿಷಿನಲ್ಲಿ ಮಾತ್ರ ಅನುಗ್ರಹ ಪಡೆದವನು ನಿರ್ದೋಷಿಯಾದ, ನಿರ್ದೋಷಿಯು ಕನಿಕರಕ್ಕೆ ಪಾತ್ರನಾದ, ಕನಿಕರಕ್ಕೆ ಪಾತ್ರನಾದವನು ದುರ್ಬಲನಾದ, 16ನೆಯ ಶತಮಾನದ ಕೊನೆಯ ಹೊತ್ತಿಗೆ ಆ ದುರ್ಬಲನು ತಿಳಿಗೇಡಿಯಾದ. ಒಂದೊಂದು ಮೆಟ್ಟಿಲೂ ಸಣ್ಣದು, ಆದರೆ ಮೇಲಿನ ಮೆಟ್ಟಿಲಿನಿಂದ ಕೆಳಗಿನದನ್ನು ನೋಡಿದರೆ ತಲೆ ತಿರುಗುತ್ತದೆ. ನಮ್ಮ ಕರಾವಳಿ ಮತ್ತು ಘಟ್ಟದ ಮಾತಿನಲ್ಲಿ ‘ಪಾಪ’ ಎಂಬುದು ಕನಿಕರದ ಉದ್ಗಾರವಾಗಿ, ‘ಪಾಪದ ಜನ’ ಎಂದರೆ ಯಾರಿಗೂ ಕೇಡು ಮಾಡದವರು ಎಂದಾಗಿ ನಿಂತಿದೆ. ಪುಣ್ಯದ ಎದುರಿನ ಪದವೇ ನಿರಪರಾಧಿಗೆ ಸಂದಿರುವುದರಿಂದ ಇಲ್ಲಿ ನಡೆದಿರುವುದು ‘ಸಿಲಿ’ ನಡೆದ ದಾರಿಯ ವಿರುದ್ಧ ದಿಕ್ಕಿನ ನಡಿಗೆ ಎನ್ನಬಹುದು.

ಏರಿ ಬಂದ ಪದಗಳೂ ಇಲ್ಲದಿಲ್ಲ. ‘ನೈಸ್’ ಎಂಬುದು ‘ಅರಿಯದವನು’ ಎಂಬರ್ಥದ ಲ್ಯಾಟಿನ್ ‘ನೆಸಿಯಸ್’ ಎಂಬುದರಿಂದ ಬಂದು, ಇಂಗ್ಲಿಷಿನಲ್ಲಿ ಮೊದಲು ಮೂರ್ಖ ಎಂದೇ ಬಳಕೆಯಾಗಿ, ಆಮೇಲೆ ಅತಿ ನಾಜೂಕಿನ, ಆಮೇಲೆ ನಿಷ್ಕೃಷ್ಟವಾದ ಎಂಬ ಅರ್ಥಗಳನ್ನು ದಾಟಿ, 18ನೆಯ ಶತಮಾನದಲ್ಲಿ ಹಿತವಾದದ್ದು ಎಂದಾಯಿತು. ‘ಫಾಂಡ್’ ಎಂಬುದೂ ಮೊದಲು ತಿಳಿಗೇಡಿ ಎಂದಿದ್ದು ಈಗ ಅಕ್ಕರೆಯ ಪದವಾಗಿದೆ. ‘ಡಾಫ್ಟ್’ ಮತ್ತು ‘ಡೆಫ್ಟ್’ ಎಂಬ ಎರಡರ ಮೂಲ ಒಂದೇ. ಸೌಮ್ಯ, ತಕ್ಕುದಾದ ಎಂಬ ಅರ್ಥದ ಒಂದೇ ಪದ ಒಡೆದು, ಒಂದು ಹೋಳು ಪೆದ್ದನಿಗೂ ಇನ್ನೊಂದು ಹೋಳು ಕುಶಲಿಗೂ ಸಂದಿತು. ಇದನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನಾನು ಮಕ್ಕಳಿಗೆ ‘ಮುಗ್ಧ’ ಮತ್ತು ‘ಮೂಢ’ ಎಂಬ ನಮ್ಮ ಜೋಡಿಯನ್ನು ತೋರಿಸುತ್ತಿದ್ದೆ. ಸಂಸ್ಕೃತದ ‘ಮುಹ್’ ಎಂಬ ಒಂದೇ ಧಾತುವಿನಿಂದ, ಒಂದೇ ಪ್ರತ್ಯಯ ಸೇರಿ, ಎರಡು ಬಗೆಯ ಸಂಧಿಯಾಗಿ ಹುಟ್ಟಿದ ಪದಗಳಿವು. ಒಂದನ್ನು ಮಗುವಿನ ನಗುವಿಗೆ ಇಟ್ಟುಕೊಂಡಿದ್ದೇವೆ, ಇನ್ನೊಂದನ್ನು ನಂಬಿಕೆಯನ್ನು ಹಳಿಯಲು ಇಟ್ಟುಕೊಂಡಿದ್ದೇವೆ.

ವ್ಯಕ್ತಿಯೊಬ್ಬನ ಹೆಸರೇ ದಡ್ಡತನಕ್ಕೆ ಸಂದ ಉದಾಹರಣೆ ‘ಡನ್ಸ್’. ಸ್ಕಾಟ್ಲೆಂಡಿನ ಡನ್ಸ್ ಎಂಬ ಊರಿನ ಜಾನ್ ಡನ್ಸ್ ಸ್ಕೋಟಸ್ ತನ್ನ ಕಾಲದ ಅತಿ ಸೂಕ್ಷ್ಮ ಮತಿಯ ತತ್ತ್ವಜ್ಞಾನಿಗಳಲ್ಲಿ ಒಬ್ಬ, 1308ರಲ್ಲಿ ಕೊಲೋನ್ ನಗರದಲ್ಲಿ ತೀರಿಕೊಂಡವನು. ಎರಡು ಶತಮಾನಗಳು ಕಳೆದು ಹೊಸ ವಿದ್ಯೆಯ ಗಾಳಿ ಬೀಸಿದಾಗ ಅವನ ಅನುಯಾಯಿಗಳು ಹಳೆಯ ತರ್ಕವನ್ನು ಬಿಡಲೊಲ್ಲದೆ ಹಟ ಹಿಡಿದರು, ಹೊಸಬರು ಅವರನ್ನು ‘ಡನ್ಸ್’ ಎಂದು ಹಂಗಿಸಿದರು, ಹೀಗೆ ಮಹಾ ಬುದ್ಧಿವಂತನ ಹೆಸರು ಶಾಲೆಯ ಮೂಲೆಯಲ್ಲಿ ನಿಲ್ಲಿಸಿದ ಹುಡುಗನ ಹೆಸರಾಯಿತು. ನಮ್ಮಲ್ಲಿಯೂ ಇಂಥದೊಂದು ನಡೆದಿದೆ. ರಾಯಚೂರು ಸೀಮೆಯ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿನೊಂದಿಗೆ ಕೆತ್ತಿರುವ ‘ದೇವಾನಾಂಪ್ರಿಯ’ ಎಂಬ ಬಿರುದನ್ನು ನಂತರದ ಸಂಸ್ಕೃತ ವೈಯಾಕರಣರು ಮೂರ್ಖ ಎಂಬ ಅರ್ಥಕ್ಕೆ ಕಟ್ಟಿಹಾಕಿದರು. ದೇವರಿಗೆ ಪ್ರಿಯನಾದವನು ಮೂರ್ಖನಾದದ್ದು ಇಂಗ್ಲಿಷಿನ ‘ಸಿಲಿ’ಯಲ್ಲಿ ಮಾತ್ರವಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರವೆಂದರೆ, 1926ರಲ್ಲಿ ಮನೆಮಾತಿನಲ್ಲಿ ‘ಈಡಿಯಟ್’ ಬೈಗುಳವಾಗಿತ್ತು, ಆದರೆ ಅದೇ ಕಾಲಕ್ಕೆ ಕಾನೂನಿನಲ್ಲಿಯೂ ವೈದ್ಯದಲ್ಲಿಯೂ ಅದು ಗೊತ್ತಾದ ಅರ್ಥವಿದ್ದ ಪರಿಭಾಷೆಯಾಗಿತ್ತು. ತೀರ್ಪಿನಲ್ಲಿ ಬಂದಿರುವುದು ಪರಿಭಾಷೆಯೇ. ಅದರ ಮುಂದಿನದನ್ನು ವಕೀಲರು ಹೇಳಬೇಕು.

ಉತ್ತರ: ವಕೀಲೆ, ಕಾರವಾರ

‘ಫ್ರಮ್ ಬರ್ತ್’ ಎಂಬ ಎರಡು ಪದಗಳನ್ನು ಬಿಡಬೇಡಿ. ತೀರ್ಪಿನ ಭಾರವೆಲ್ಲ ಇರುವುದು ಅಲ್ಲಿಯೇ. ಇಂಗ್ಲೆಂಡಿನ ಹಳೆಯ ಕಾನೂನು ‘ಈಡಿಯಟ್’ ಮತ್ತು ‘ಲೂನಟಿಕ್’ ಎಂಬಿಬ್ಬರನ್ನು ಬೇರೆಬೇರೆಯಾಗಿ ಕಂಡಿತ್ತು. ಹುಟ್ಟಿನಿಂದ ತಿಳಿವಳಿಕೆ ಇಲ್ಲದವನು ಮೊದಲನೆಯವನು, ನಡುವೆ ಬುದ್ಧಿ ಕೆಟ್ಟು ಮತ್ತೆ ಸರಿಹೋಗಬಹುದಾದವನು ಎರಡನೆಯವನು. ಎರಡನೆಯವನ ಭೂಮಿಯನ್ನು ರಾಜನು ಕಾಯ್ದು ಅದರ ಉತ್ಪನ್ನವನ್ನು ಅವನಿಗಾಗಿಯೇ ಇಡಬೇಕಿತ್ತು. ಮೊದಲನೆಯವನ ಭೂಮಿಯ ಉತ್ಪನ್ನ ಮಾತ್ರ, ಅವನ ಹೊಟ್ಟೆಬಟ್ಟೆಗೆ ಕೊಟ್ಟು ಉಳಿದದ್ದು, ಅವನ ಜೀವಮಾನದ ಉದ್ದಕ್ಕೂ ರಾಜನದಾಗುತ್ತಿತ್ತು. ಇಪ್ಪತ್ತು ಪೆನ್ನಿಗಳನ್ನು ಎಣಿಸಲಾರದವನು, ತನ್ನ ತಂದೆತಾಯಿ ಯಾರೆಂದು ಹೇಳಲಾರದವನು, ತನ್ನ ವಯಸ್ಸನ್ನು ಅರಿಯದವನು ಈಡಿಯಟ್ ಎಂದು ಫಿಟ್ಸ್‌ಹರ್ಬರ್ಟ್ ಎಂಬ ಕಾನೂನು ಪಂಡಿತ 1534ರಲ್ಲಿ ಬರೆದ. ನಿಮ್ಮ ಹಿರಿಯರು ಇಪ್ಪತ್ತರ ಮೇಲೆ ಎಣಿಸುತ್ತಿರಲಿಲ್ಲ ಎಂದು ನೀವು ಬರೆದದ್ದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಇಪ್ಪತ್ತರವರೆಗೆ ಎಣಿಸುತ್ತಿದ್ದರೆ, ಮನೆಯವರನ್ನು ಗುರುತಿಸುತ್ತಿದ್ದರೆ, ಆ ಹಳೆಯ ಪರೀಕ್ಷೆಯಲ್ಲಿಯೂ ಅವರು ಗೆಲ್ಲುತ್ತಿದ್ದರು.

ಆದರೆ ಆ ತೀರ್ಪು ನಿಂತಿರುವುದು ಇಂಗ್ಲೆಂಡಿನ ಕಾನೂನಿನ ಮೇಲಲ್ಲ, ಹಿಂದೂ ಕಾನೂನಿನ ಮೇಲೆ. ಆಗ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು, ಮತ್ತು ನಿಮ್ಮ ಸೀಮೆಯ ಅವಿಭಕ್ತ ಕುಟುಂಬಗಳಿಗೆ ಅನ್ವಯಿಸುತ್ತಿದ್ದದ್ದು ಮಿತಾಕ್ಷರ. ಅದು ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರನು ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಕುಳಿತು ಬರೆದ ವ್ಯಾಖ್ಯಾನ, ಅಂದರೆ ನಮ್ಮದೇ ನಾಡಿನ ಗ್ರಂಥ. ಆ ಸ್ಮೃತಿಯ ಒಂದು ಶ್ಲೋಕವು ಪಾಲಿಗೆ ಅರ್ಹರಲ್ಲದವರನ್ನು ಹೆಸರಿಸುತ್ತದೆ: ಕುಂಟ, ಹುಚ್ಚ, ಕುರುಡ, ವಾಸಿಯಾಗದ ರೋಗವಿರುವವನು, ಮತ್ತು ‘ಜಡ’. ಇವರೆಲ್ಲ ‘ಭರ್ತವ್ಯಾಃ’, ಅಂದರೆ ಸಾಕಬೇಕಾದವರು, ಆದರೆ ‘ನಿರಂಶಕಾಃ’, ಅಂದರೆ ಅಂಶವಿಲ್ಲದವರು. ಜಡನೆಂದರೆ ಹಿತಾಹಿತಗಳನ್ನು ನಿರ್ಧರಿಸಲಾರದವನು ಎಂದು ವ್ಯಾಖ್ಯಾನ ವಿವರಿಸುತ್ತದೆ. ಮಿತಾಕ್ಷರದಲ್ಲಿ ಆಸ್ತಿಯ ಹಂಚಿಕೆಯನ್ನು ಹೇಳುವ ದಾಯವಿಭಾಗವನ್ನು 1810ರಲ್ಲಿ ಸಂಸ್ಕೃತ ಬಲ್ಲ ಇಂಗ್ಲಿಷ್ ವಿದ್ವಾಂಸ ಕೋಲ್‌ಬ್ರೂಕ್ ಇಂಗ್ಲಿಷಿಗೆ ತಂದಾಗ ಈ ‘ಜಡ’ ಎಂಬಲ್ಲಿ ‘ಈಡಿಯಟ್’ ಎಂದು ಬರೆದ, ಮತ್ತು ಸಂಸ್ಕೃತ ಬಾರದ ನ್ಯಾಯಾಧೀಶರು ಮುಂದೆ ಬಹುಕಾಲ ಆ ಇಂಗ್ಲಿಷನ್ನೇ ಆಧರಿಸಿದರು. ನಿಮ್ಮ ಕಾಗದದಲ್ಲಿರುವ ‘ಈಡಿಯಟ್’ ಮೂಲದಲ್ಲಿ ‘ಜಡ’. ನೀವು ಇಂಗ್ಲಿಷಿನಿಂದ ಕನ್ನಡಕ್ಕೆ ಹುಡುಕುತ್ತಿರುವ ಪದ ಇಲ್ಲಿಂದಲೇ ಹೊರಟು ಇಂಗ್ಲಿಷಿಗೆ ಹೋಗಿ, ಅಲ್ಲಿಯ ಕಾನೂನಿನ ಬಣ್ಣವನ್ನು ಹಚ್ಚಿಕೊಂಡು ನಿಮ್ಮ ಪೆಟ್ಟಿಗೆಗೆ ಮರಳಿದೆ.

ಈ ನ್ಯೂನತೆ ಹುಟ್ಟಿನಿಂದಲೇ ಇರಬೇಕು ಮತ್ತು ಪೂರ್ಣವಾಗಿರಬೇಕು ಎಂದು ಆಗಿನ ನ್ಯಾಯಾಲಯಗಳು ಕೇಳುತ್ತಿದ್ದವು, ಆದ್ದರಿಂದಲೇ ‘ಫ್ರಮ್ ಬರ್ತ್’. ತೀರ್ಪು ಬಂದ ಎರಡು ವರ್ಷಗಳಲ್ಲಿ, 1928ರಲ್ಲಿ, ಹಿಂದೂ ವಾರಸಿನ ಅನರ್ಹತೆಗಳನ್ನು ನಿವಾರಿಸುವ ಕಾಯ್ದೆ ಬಂದು ಕುರುಡರು, ಕಿವುಡರು, ಕುಷ್ಠರೋಗಿಗಳು ಮೊದಲಾದವರಿಗೆಲ್ಲ ಪಾಲಿನ ಹಕ್ಕನ್ನು ಕೊಟ್ಟಿತು. ಒಂದು ವರ್ಗವನ್ನು ಮಾತ್ರ ಅದು ಹೊರಗೇ ಉಳಿಸಿತು, ಹುಟ್ಟಿನಿಂದ ‘ಲೂನಟಿಕ್ ಅಥವಾ ಈಡಿಯಟ್’ ಆದವರನ್ನು. ರೋಗ, ನ್ಯೂನತೆ, ಅಂಗವೈಕಲ್ಯದ ಕಾರಣದಿಂದ ಯಾರೂ ವಾರಸಿನಿಂದ ಹೊರಗಾಗಬಾರದೆಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೆಯ ಕಲಮು ಹೇಳಿದ್ದು 1956ರಲ್ಲಿ. ಅಷ್ಟರಲ್ಲಿ ನಿಮ್ಮ ಹಿರಿಯರು ಇದ್ದರೇ?

ಶಿರಸಿ ಸೀಮೆಯ ಓದುಗ

ಇರಲಿಲ್ಲ. ಅಜ್ಜಿಯ ಲೆಕ್ಕದಲ್ಲಿ ಅವರು ತೀರಿಕೊಂಡದ್ದು ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷದ ಮಳೆಗಾಲದಲ್ಲಿ. ‘ಜಡ’ ಎಂಬ ಪದ ಆ ಕಾಗದದ ತಳದಲ್ಲಿದೆಯೆಂದು ನನಗೆ ತೋಚಿರಲಿಲ್ಲ. ಒಂದು ಸಂದೇಹ ಉಳಿದಿದೆ. ಆಗಿನ ವೈದ್ಯರು ಈ ಪದವನ್ನು ಯಾವ ಅಳತೆಯಿಂದ ಬಳಸುತ್ತಿದ್ದರು? ನಮ್ಮ ಹಿರಿಯರಿಗೆ ನಿಜಕ್ಕೂ ಏನಾಗಿದ್ದಿರಬಹುದು ಎಂದು ಬರೆಯಲು ಅದರಿಂದ ನೆರವಾದೀತೇ?

ಉತ್ತರ: ವೈದ್ಯ, ಹೊನ್ನಾವರ

ಮೊದಲು ಎಚ್ಚರಿಕೆಯ ಮಾತು. ಕಂಡಿರದ ಮನುಷ್ಯನಿಗೆ ನೂರು ವರ್ಷಗಳ ಬಳಿಕ ರೋಗನಿರ್ಣಯ ಮಾಡಬೇಡಿ. ಮಾತು ಕಡಿಮೆಯಾಗಲು ಕಿವಿ ಕೇಳದಿರುವುದೂ ಕಾರಣವಾಗಿರಬಹುದು, ಆದರೆ ಅದನ್ನು ಪರೀಕ್ಷಿಸುವ ಏರ್ಪಾಡು ಆಗಿನ ಮಲೆನಾಡಿನ ಮನೆಗೆ ಎಲ್ಲಿಂದ ಬರಬೇಕು?

ಅಳತೆಯ ವಿಷಯ ಹೀಗಿದೆ. ಪ್ಯಾರಿಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ 1905ರಲ್ಲಿ ಮಕ್ಕಳ ಬುದ್ಧಿಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿದರು. ಯಾವ ಮಗುವಿಗೆ ಶಾಲೆಯಲ್ಲಿ ಹೆಚ್ಚಿನ ನೆರವು ಬೇಕೆಂದು ತಿಳಿಯುವುದು ಅದರ ಉದ್ದೇಶವಾಗಿತ್ತು. ಅಮೆರಿಕದ ನ್ಯೂಜೆರ್ಸಿಯ ವೈನ್‌ಲೆಂಡ್ ಎಂಬಲ್ಲಿದ್ದ ಸಂಸ್ಥೆಯ ಹೆನ್ರಿ ಗಾಡರ್ಡ್ ಅದನ್ನು ಅಲ್ಲಿಗೆ ತಂದು ಮನುಷ್ಯರನ್ನು ದರ್ಜೆಗಳಾಗಿ ವಿಂಗಡಿಸಲು ಬಳಸಿದ. ಎರಡು ವರ್ಷದ ಮಗುವಿನ ಮಟ್ಟವನ್ನು ದಾಟದವರು ‘ಈಡಿಯಟ್’, ಮೂರರಿಂದ ಏಳರ ಮಟ್ಟದವರು ‘ಇಂಬೆಸಿಲ್’. ಎಂಟರಿಂದ ಹನ್ನೆರಡರ ಮಟ್ಟದವರಿಗೆ ಹೆಸರಿರಲಿಲ್ಲ. ಗ್ರೀಕಿನಲ್ಲಿ ಮಂದ ಎಂಬರ್ಥದ ‘ಮೋರೋಸ್’ ಎಂಬುದರಿಂದ ಅವನು 1910ರಲ್ಲಿ ‘ಮೋರಾನ್’ ಎಂಬ ಹೊಸ ಪದವನ್ನು ಕಟ್ಟಿದ. ಬೈಗುಳವೆಂದು ನಾವು ತಿಳಿದಿರುವ ಆ ಪದ ಹುಟ್ಟಿದ್ದು ವೈದ್ಯಕೀಯ ಪರಿಭಾಷೆಯಾಗಿ, ಗೊತ್ತಾದ ವರ್ಷದಲ್ಲಿ, ಗೊತ್ತಾದ ಒಬ್ಬನ ಕೈಯಲ್ಲಿ. ‘ಇಂಬೆಸಿಲ್’ ಎಂಬುದು ಲ್ಯಾಟಿನ್ನಿನಲ್ಲಿ ಮೈಯಲ್ಲಿ ಬಲವಿಲ್ಲದವನು ಎಂದಷ್ಟೇ ಇತ್ತು.

ಈ ದರ್ಜೆಗಳ ಪರಿಣಾಮ ಕಾಗದದಲ್ಲಿ ಉಳಿಯಲಿಲ್ಲ. ನಿಮ್ಮ ತೀರ್ಪಿನ ಮರುವರ್ಷ, 1927ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ವರ್ಜೀನಿಯಾದ ಕ್ಯಾರಿ ಬಕ್ ಎಂಬ ಯುವತಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಹೇಳಿತು. ಮೂರು ತಲೆಮಾರಿನ ಇಂಬೆಸಿಲ್‌ಗಳು ಸಾಕು ಎಂದು ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ಬರೆದರು. ಮೂರನೆಯ ತಲೆಮಾರೆಂದು ಅವರು ಎಣಿಸಿದ್ದು ಕ್ಯಾರಿಯ ಹಸುಗೂಸನ್ನು. ಆ ಹುಡುಗಿ ಎಂಟನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಮೊದಲು ತನ್ನ ಶಾಲೆಯಲ್ಲಿ ಚೆನ್ನಾಗಿ ಓದುವವರ ಪಟ್ಟಿಯಲ್ಲಿದ್ದಳು. ಇದನ್ನು ಮೊದಲ ಬಾರಿ ಓದಿದಂದು ನನಗಾದ ಸಂಕಟ ಇಂದಿಗೂ ಕಡಿಮೆಯಾಗಿಲ್ಲ.

ಇನ್ನೊಂದು ಪದವನ್ನು ನಮ್ಮ ಕರಾವಳಿಯಲ್ಲಿ ಕುಳಿತು ಹೇಳಲೇಬೇಕು. ‘ಕ್ರೆಟಿನ್’ ಎಂಬ ಬೈಗುಳ ಆಲ್ಪ್ಸ್ ಬೆಟ್ಟಗಳ ಫ್ರೆಂಚ್ ಆಡುನುಡಿಯಲ್ಲಿ ‘ಕ್ರೈಸ್ತ’ ಎಂಬ ಪದದ ರೂಪ. ಗಳಗಂಡವಿದ್ದು, ಮೈ ಬೆಳೆಯದೆ, ಮಾತು ಬಾರದೆ ಇದ್ದವರನ್ನು ಆ ಕಣಿವೆಯ ಜನ ಹಾಗೆ ಕರೆದರು. ಇವನೂ ದೇವರ ಮನುಷ್ಯನೇ, ಪ್ರಾಣಿಯಲ್ಲ ಎಂಬ ಭಾವ ಅದರಲ್ಲಿತ್ತೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಆ ಸ್ಥಿತಿಗೆ ಕಾರಣ ಆ ಮಣ್ಣುನೀರಿನಲ್ಲಿ ಅಯೋಡಿನ್ ಇಲ್ಲದ್ದು. ಸ್ವಿಟ್ಜರ್ಲೆಂಡ್ 1922ರಿಂದ ಉಪ್ಪಿಗೆ ಅಯೋಡಿನ್ ಬೆರೆಸತೊಡಗಿದ ಮೇಲೆ ಅಂಥ ಮಕ್ಕಳು ಹುಟ್ಟುವುದು ನಿಂತಿತು. ನಮ್ಮ ದೇಶದಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರು ಕಾಂಗ್ಡಾ ಕಣಿವೆಯಲ್ಲಿ 1956ರಿಂದ ನಡೆಸಿದ ಅಧ್ಯಯನದ ಬೆನ್ನಿಗೆ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂದಿತು. ಸಾಣಿಕಟ್ಟೆಯ ಆಗರಗಳಲ್ಲಿ ಬಿಸಿಲಿಗೆ ಹೊಳೆಯುವ ಉಪ್ಪು ಕಡಲಿನದೇ ಆದ್ದರಿಂದ ಅದರಲ್ಲಿ ಅಯೋಡಿನ್ ತಾನಾಗಿಯೇ ಇದೆಯೆಂದು ಇಂದಿಗೂ ನನ್ನಲ್ಲಿಗೆ ಬರುವವರು ನಂಬಿದ್ದಾರೆ. ಸಮುದ್ರದ ಉಪ್ಪಿನಲ್ಲಿ ಅದು ಉಳಿಯುವುದು ತೀರ ಅತ್ಯಲ್ಪ, ಹೊರಗಿನಿಂದ ಬೆರೆಸಲೇಬೇಕು. ಕನಿಕರದಿಂದ ಇಟ್ಟ ‘ಕ್ರೆಟಿನ್’ ಎಂಬ ಹೆಸರು ಬೈಗುಳವಾದದ್ದನ್ನು ತಡೆಯಲು ಯಾರಿಂದಲೂ ಆಗಲಿಲ್ಲ, ಆ ಸ್ಥಿತಿಯನ್ನು ಮಾತ್ರ ಚಿಟಿಕೆ ಉಪ್ಪು ತಡೆಯಿತು.

ಇಂಥ ಪದಗಳನ್ನು ಬದಲಾಯಿಸುತ್ತಲೇ ಬಂದಿದ್ದೇವೆ. 1912ರ ಭಾರತೀಯ ಕಾಯ್ದೆ ‘ಲೂನಟಿಕ್’ ಎಂಬುದರ ವ್ಯಾಖ್ಯೆಯೊಳಗೇ ‘ಈಡಿಯಟ್’ ಅನ್ನು ಸೇರಿಸಿತ್ತು. 1995ರ ಕಾಯ್ದೆಯಲ್ಲಿ ‘ಮೆಂಟಲ್ ರಿಟಾರ್ಡೇಶನ್’ ಇತ್ತು, ಅದು ನಿಧಾನ ಎಂದಷ್ಟೇ ಹೇಳುವ ಸೌಮ್ಯ ಪದವೆಂದು ಬಂದು ಶಾಲೆಯ ಅಂಗಳದಲ್ಲಿ ಬೈಗುಳವಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ‘ಬೌದ್ಧಿಕ ಅಂಗವೈಕಲ್ಯ’ ಎನ್ನುತ್ತದೆ. ನಾನು ಈಗ ಬಳಸುವುದು ಅದನ್ನೇ, ಆದರೆ ನಿಮ್ಮ 1926ರ ಅನುವಾದದಲ್ಲಿ ಅದಕ್ಕೆ ಜಾಗವಿಲ್ಲ.

ಉತ್ತರ: ಸಿದ್ದಾಪುರದ ಓದುಗ

ವಕೀಲರು ‘ಜಡ’ ಎಂದಾಗ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಜಡಭರತ. ಭಾಗವತದ ಐದನೆಯ ಸ್ಕಂಧದಲ್ಲಿ ಆ ಕಥೆಯಿದೆ. ತಂದೆ ತೀರಿದ ಮೇಲೆ ಮಲತಾಯಿಯ ಮಕ್ಕಳಾದ ಅಣ್ಣಂದಿರು ಅವನನ್ನು ಜಡಮತಿಯೆಂದು ತೀರ್ಮಾನಿಸಿ, ಓದಿಸುವುದನ್ನು ಬಿಟ್ಟು, ಹೊಟ್ಟೆಗೆ ಹಾಕಿದಷ್ಟಕ್ಕೆ ಗದ್ದೆಯ ಕೆಲಸಕ್ಕೆ ಹಚ್ಚಿದರು. ನಿಮ್ಮ ಪೆಟ್ಟಿಗೆಯ ಕಾಗದದಲ್ಲಿ ಇರುವುದೂ ಇದೇ ಅಲ್ಲವೇ, ಅಣ್ಣಂದಿರು, ಅನ್ನ, ದುಡಿಮೆ, ಪಾಲಿಲ್ಲದ ತಮ್ಮ? ಕೊನೆಗೆ ರಾಜ ರಹೂಗಣನ ಪಲ್ಲಕ್ಕಿ ಹೊರಲು ಹಿಡಿದು ತಂದ ಈ ಜಡನು ಕಾಲಡಿಯ ಹುಳುಹುಪ್ಪಟೆಗಳನ್ನು ತುಳಿಯದಂತೆ ಹೆಜ್ಜೆಯಿಟ್ಟದ್ದರಿಂದ ಪಲ್ಲಕ್ಕಿ ಓಲಾಡಿತು, ರಾಜ ಬೈದ, ಆಗ ಬಾಯಿ ತೆರೆದವನ ಮಾತನ್ನು ಕೇಳಿ ರಾಜ ಪಲ್ಲಕ್ಕಿಯಿಂದ ಇಳಿದು ಕಾಲಿಗೆ ಬಿದ್ದ. ನಿಮ್ಮ ಹಿರಿಯರು ಜ್ಞಾನಿಯಾಗಿದ್ದರೆಂದು ನಾನು ಹೇಳುತ್ತಿಲ್ಲ. ‘ಜಡ’ ಎಂಬ ಪದ ಕನ್ನಡದಲ್ಲಿ ತಣ್ಣಗಿನದು, ಅಲುಗದೆ ನಿಂತದ್ದು ಎಂಬ ಅರ್ಥದೊಂದಿಗೆ ಈ ಕಥೆಯನ್ನೂ ಹೊತ್ತಿದೆ, ‘ಈಡಿಯಟ್’ ಅದನ್ನು ಹೊತ್ತಿಲ್ಲ ಎಂಬುದನ್ನು ಅನುವಾದಿಸುವಾಗ ಗಮನದಲ್ಲಿಡಿ ಎನ್ನುತ್ತಿದ್ದೇನೆ. ಬರಿದೆ ‘ಜಡ’ ಎಂದು ಬರೆದರೆ ಓದುವವರ ಮನಸ್ಸಿನಲ್ಲಿ ತೀರ್ಪು ತಾನಿದ್ದದ್ದಕ್ಕಿಂತ ಮೃದುವಾಗಿ ಬಿಡಬಹುದು.

ಶಿರಸಿ ಸೀಮೆಯ ಓದುಗ

ಎಲ್ಲರಿಗೂ ಋಣಿ. ಸಿದ್ದಾಪುರದವರ ಮಾತು ನನ್ನನ್ನು ಎರಡು ದಿನ ತಡೆದು ನಿಲ್ಲಿಸಿತು, ಏಕೆಂದರೆ ವಕೀಲರ ಉತ್ತರ ಓದಿದೊಡನೆ ‘ಜಡ’ ಎಂದು ಬರೆದು ಮುಗಿಸುವ ಹಂಬಲ ನನಗಿತ್ತು. ಆದರೆ ಆ ತೀರ್ಪು ಮೃದುವಾಗಿರಲಿಲ್ಲ. ಅದರ ಒಂದು ಪದದಿಂದ ಮೂರನೆಯ ಒಂದು ಭಾಗ ತೋಟ, ಗದ್ದೆ ಮತ್ತು ಬೆಟ್ಟ ಒಬ್ಬ ಮನುಷ್ಯನ ಕೈತಪ್ಪಿ ನನ್ನ ಅಜ್ಜನ ತಂದೆಯ ಮತ್ತು ಅವರ ಇನ್ನೊಬ್ಬ ತಮ್ಮನ ಪಾಲಿಗೆ ಸೇರಿತು, ಅದರಲ್ಲೊಂದು ಅಂಶ ಈಗ ನನ್ನ ಹೆಸರಿನಲ್ಲಿದೆ. ಪದವನ್ನು ತಿದ್ದಿ ಹಸನುಮಾಡುವ ಹಕ್ಕು ಎಲ್ಲರಿಗಿಂತ ಕಡಿಮೆ ಇರುವುದು ನನಗೇ.

ಹೀಗೆ ಬರೆದಿದ್ದೇನೆ. ತೀರ್ಪಿನ ಸಾಲಿನಲ್ಲಿ ‘ಹುಟ್ಟಿನಿಂದ ಈಡಿಯಟ್ ಆದ ಮೂರನೆಯ ಪ್ರತಿವಾದಿಗೆ ಅನ್ನವಸ್ತ್ರವಲ್ಲದೆ ಪಾಲಿಲ್ಲ’ ಎಂದು ಆ ಪದವನ್ನು ಹಾಗೆಯೇ ಕನ್ನಡ ಅಕ್ಷರದಲ್ಲಿ ಇಟ್ಟಿದ್ದೇನೆ. ಅದರ ಕೆಳಗೆ, ಇದು ಮಿತಾಕ್ಷರದ ‘ಜಡ’ ಎಂಬುದಕ್ಕೆ ಆಗ ರೂಢಿಯಲ್ಲಿದ್ದ ಇಂಗ್ಲಿಷ್ ಪದವೆಂದೂ, ಹಾಗೆ ಹೆಸರಿಸಲ್ಪಟ್ಟವನಿಗೆ 1956ರವರೆಗೆ ಕುಟುಂಬದ ಆಸ್ತಿಯಲ್ಲಿ ಅಂಶವಿರಲಿಲ್ಲವೆಂದೂ ಎರಡು ವಾಕ್ಯದಲ್ಲಿ ವಿವರಿಸಿದ್ದೇನೆ. ರೋಗದ ಹೆಸರನ್ನು ಬರೆದಿಲ್ಲ. ಪುಟದ ಎಡಬದಿಯಲ್ಲಿ, ಮನೆಯವರ ಮಾತೆಂದು ಗುರುತಿಸಿ, ಅವರ ಹೆಸರು, ಕೊಳೆರೋಗವನ್ನು ಅವರು ಮೊದಲು ಕಾಣುತ್ತಿದ್ದ ಸಂಗತಿ, ದನಗಳು ತಿರುಗಿ ಬರುತ್ತಿದ್ದ ಆ ಕೂಗು, ಮತ್ತು ಅಜ್ಜಿ ಹೇಳುತ್ತಿದ್ದ ‘ಪಾಪದವ’ ಎಂಬ ಪದ ಇವೆ.